ಉಬ್ಬಸವಿರುವ ಮಗು ಮತ್ತು ಜಿಮ್ನಾಸ್ಟಿಕ್ಸ್

ಬಾಲ್ಯದಲ್ಲಿ ಉಬ್ಬಸದಿಂದ ನರಳಿದ ಹುಡುಗಿಯೊಬ್ಬಳು ಜಿಮ್ನಾಸ್ಟಿಕ್ಸ್‌ನಲ್ಲಿ ರಾಷ್ಟ್ರಮಟ್ಟಕ್ಕೆ ಏರಿದರೆ ‘ಕಾಯಿಲೆಯನ್ನು ಗೆದ್ದವಳು’ ಎಂದು ಊರೆಲ್ಲ ಹೊಗಳುತ್ತದೆ. ಮಕ್ಕಳ ವೈದ್ಯೆಯಾಗಿ ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಅಂಥ ಮಕ್ಕಳಲ್ಲಿ ಅನೇಕರು ಕಾಯಿಲೆಯನ್ನು ಹತೋಟಿಯಲ್ಲಿಟ್ಟುಕೊಂಡೇ ಆಡುತ್ತಿರುತ್ತಾರೆ.

ಕೊಡಗಿನ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಬಟ್ಟೆಗಳು ಒಲೆಯ ಹೊಗೆಯಲ್ಲಿ ಒಣಗುತ್ತವೆ; ಎರಡೂ ಶ್ವಾಸನಾಳವನ್ನು ಕೆರಳಿಸುತ್ತವೆ. ಆಗ ಹೆತ್ತವರು ಮೊದಲು ಆಟ ಬಿಡಿಸುತ್ತಾರೆ, ಉಬ್ಬಸ ತಗ್ಗಿದ ಕೂಡಲೇ ಇನ್ಹೇಲರ್ ಬಿಡಿಸುತ್ತಾರೆ. ನಿತ್ಯದ ಸ್ಟೀರಾಯ್ಡ್ ಇನ್ಹೇಲರ್ ಎತ್ತರವನ್ನು ಸುಮಾರು ಒಂದು ಸೆಂಟಿಮೀಟರ್ ತಗ್ಗಿಸಬಹುದೆಂಬುದು ನಿಜ. ಆದರೆ ಅದನ್ನು ಬಿಟ್ಟು, ಉಬ್ಬಸ ಉಲ್ಬಣಿಸಿದಾಗಲೆಲ್ಲ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಮೂಳೆ ದುರ್ಬಲವಾಗುವ ಅಪಾಯ ಹೆಚ್ಚು, ಮತ್ತು ಎತ್ತರದಿಂದ ಜಿಗಿದು ಕಾಲೂರುವ ಮಗುವಿಗೆ ಮೂಳೆಯೇ ಬಂಡವಾಳ.

ಹಾಕಿಯ ನಾಡಿನಲ್ಲಿ ಹೇಳಲು ತುಸು ಧೈರ್ಯ ಬೇಕು, ಆದರೂ ಇಂಥ ಮಕ್ಕಳಿಗೆ ಎಡೆಬಿಡದೆ ಓಡುವ ಹಾಕಿಗಿಂತ ಜಿಮ್ನಾಸ್ಟಿಕ್ಸ್ ಹೆಚ್ಚು ಒಗ್ಗುತ್ತದೆ. ಮಹಿಳೆಯರ ಫ್ಲೋರ್ (ನೆಲಹಾಸಿನ ಮೇಲಿನ) ಪ್ರದರ್ಶನ ತೊಂಬತ್ತು ಸೆಕೆಂಡು ಮೀರುವಂತಿಲ್ಲ, ಓಡಿ ಬಂದು ಮೇಜಿನ ಮೇಲಿಂದ ಜಿಗಿಯುವ ವಾಲ್ಟ್ ಕೆಲವೇ ಸೆಕೆಂಡುಗಳದು. ವ್ಯಾಯಾಮದಿಂದ ಬರುವ ಉಬ್ಬಸಕ್ಕೆ ಸಾಮಾನ್ಯವಾಗಿ ಐದಾರು ನಿಮಿಷಗಳ ಸತತ ಶ್ರಮವಾದರೂ ಬೇಕು. ಅದು ಶ್ರಮ ನಿಂತ ಐದರಿಂದ ಹದಿನೈದು ನಿಮಿಷಗಳೊಳಗೆ ಉಲ್ಬಣಿಸುವುದರಿಂದ, ಪಕ್ಕದಲ್ಲಿ ಕುಳಿತು ಕೆಮ್ಮುವ ಮಗುವನ್ನು ತರಬೇತುದಾರರು ಸೋಮಾರಿಯೆಂದು ತಿಳಿಯುವುದುಂಟು. ಅಭ್ಯಾಸಕ್ಕೆ ಕಾಲು ಗಂಟೆ ಮುಂಚೆ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಇನ್ಹೇಲರ್, ಬಳಿಕ ನಿಧಾನವಾಗಿ ಮೈ ಬಿಸಿಮಾಡಿಕೊಳ್ಳುವುದು, ಕೈಗೆ ಹಚ್ಚುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯ ಧೂಳಿನಿಂದ ದೂರ ಕೂರಿಸುವುದು: ಹೆಚ್ಚಿನವರಿಗೆ ಇಷ್ಟು ಸಾಕು. ಆತುರವೂ ಬೇಡ. ಅಂತರರಾಷ್ಟ್ರೀಯ ಹಿರಿಯರ ವಿಭಾಗಕ್ಕೆ ಹುಡುಗಿಗೆ ಆ ವರ್ಷದಲ್ಲಿ 16 ತುಂಬಬೇಕು.

ಮೇಲಿನ ಹಂತದಲ್ಲಿ ಇನ್ನೊಂದು ಎಚ್ಚರ ಬೇಕು. ವಿಶ್ವ ಉದ್ದೀಪನ ಮದ್ದು ನಿಗ್ರಹ ನಿಯಮದಂತೆ, ಉಸಿರಿನ ಮೂಲಕ ಸೇದುವ ಸಾಲ್ಬುಟಮಾಲ್‌ಗೆ 24 ಗಂಟೆಗೆ 1,600, ಯಾವುದೇ 8 ಗಂಟೆಗೆ 600 ಮೈಕ್ರೋಗ್ರಾಂ ಮಿತಿ. ನೂರು ಮೈಕ್ರೋಗ್ರಾಂನ ಪಂಪಿನಲ್ಲಿ 8 ಗಂಟೆಗೆ ಆರು ಒತ್ತು. ಅದೇ ಔಷಧ ಮಾತ್ರೆ ಅಥವಾ ಸಿರಪ್ಪಾದರೆ ಸದಾ ನಿಷಿದ್ಧ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಇದಾಗಲಿ, ಇದೇ ಬಗೆಯ, ನಿಷಿದ್ಧವೇ ಆದ ಟರ್ಬುಟಲಿನ್ ಆಗಲಿ ಇರುತ್ತದೆ. ಸ್ಪರ್ಧೆಗೆ ಹೊರಡುವ ಮಗುವಿಗೆ ಬಸ್ ನಿಲ್ದಾಣದ ಅಂಗಡಿಯಿಂದ ಅವಸರದಲ್ಲಿ ಸಿರಪ್ ಕೊಳ್ಳುವ ಮುನ್ನ ಬಾಟಲಿಯ ಹಿಂಬದಿ ಓದಿ; ಬೇರೆ ದಾರಿಯಿಲ್ಲದಿದ್ದರೆ ಚಿಕಿತ್ಸಾ ವಿನಾಯಿತಿಗೆ (ನಿಷಿದ್ಧ ಔಷಧವನ್ನು ಚಿಕಿತ್ಸೆಗಾಗಿ ಬಳಸುವ ಅನುಮತಿಗೆ) ರಾಷ್ಟ್ರೀಯ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಗೆ ವೈದ್ಯರ ದಾಖಲೆಯೊಡನೆ ಮೊದಲೇ ಅರ್ಜಿ ಹಾಕಬೇಕು.