ಇಕ್ಕಟ್ಟಿನಲ್ಲಿ ಪಾಲಿಮರ್ ಸರಪಳಿ: ಮೊದಲು ಅಳತೆ, ಆಮೇಲೆ ಸೂತ್ರ

ಹಾಸನ, ಚಿಕ್ಕಮಗಳೂರು ಕಡೆ ಕೆಮಿಸ್ಟ್ರಿ ಎಂಎಸ್ಸಿ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಪಾಲಿಮರ್ ಪಾಠದಲ್ಲಿ ಘಾತಾಂಕಗಳು ಸಾಲಾಗಿ ಬರುತ್ತವೆ: 1/2, 3/5, 5/3, 2/3. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಅದಲುಬದಲಾಗುತ್ತವೆ. ಅದರ ಬದಲು ಒಂದೇ ಪ್ರಶ್ನೆ ಕೇಳಿ. ಸರಪಳಿಯನ್ನು ಕೂಡಿಹಾಕಿದ ಜಾಗ ಎಷ್ಟು ಅಗಲ? ಸರಪಳಿಯ ಸ್ವಂತ ಅಳತೆಗಳಲ್ಲಿ ಯಾವುದಕ್ಕಿಂತ ಅದು ಚಿಕ್ಕದು?

ಮೊದಲು ಬಿಡುವಾಗಿರುವ ಸರಪಳಿ ನೋಡೋಣ. 10,000 ಕೊಂಡಿ, ಒಂದೊಂದೂ 1 ನ್ಯಾನೊಮೀಟರ್ ಅಂತಿಟ್ಟುಕೊಳ್ಳಿ. ನೆಟ್ಟಗೆ ಎಳೆದರೆ 10 ಮೈಕ್ರೊಮೀಟರ್ ಉದ್ದ. ದ್ರಾವಣದಲ್ಲಿ ಎಳೆಯುವವರು ಯಾರೂ ಇಲ್ಲ, ಹಾಗಾಗಿ ಅದು ಮುದುಡಿ ಉಂಡೆಯಾಗುತ್ತದೆ. ಕೊಂಡಿಗಳು ಒಂದರೊಳಗೊಂದು ತೂರಬಹುದು ಎಂದುಕೊಂಡರೆ ಉಂಡೆಯ ಗಾತ್ರ 10,000ದ ವರ್ಗಮೂಲ, ಅಂದರೆ 100 ನ್ಯಾನೊಮೀಟರ್. ಆದರೆ ಎರಡು ಕೊಂಡಿ ಒಂದೇ ಜಾಗದಲ್ಲಿ ಕೂರಲಾರವು. ಒಳ್ಳೆಯ ದ್ರಾವಕದಲ್ಲಿ ಉಂಡೆ ಉಬ್ಬುತ್ತದೆ. ಪೌಲ್ ಫ್ಲೋರಿ ಲೆಕ್ಕದಲ್ಲಿ ಘಾತ 3/5, ಗಾತ್ರ ಸುಮಾರು 250 ನ್ಯಾನೊಮೀಟರ್. ಈ 250 ನಮ್ಮ ಮೊದಲ ಅಳತೆ.

ಕೊಳವೆ ಇದಕ್ಕಿಂತ ತುಂಬ ಅಗಲವಿದ್ದರೆ ಸರಪಳಿಗೆ ಗೋಡೆಯ ಗೊಡವೆಯೇ ಇಲ್ಲ. ಚಿಕ್ಕದಿದ್ದರೆ, ಮೊದಲು ತಾಳಬಹುದಾಗಿದ್ದ ಎಷ್ಟೋ ಆಕಾರಗಳು ಕೈತಪ್ಪುತ್ತವೆ. ಎಂಟ್ರೊಪಿ ಇಳಿಯುತ್ತದೆ. ಗೋಡೆ ಸರಪಳಿಯನ್ನು ಸೆಳೆಯದಿದ್ದರೆ ಅದು ತಾನಾಗಿ ಒಳಗೆ ಹೋಗಲು ಒಪ್ಪದಿರುವುದಕ್ಕೆ ಇದೇ ಕಾರಣ.

ಇಲ್ಲಿ ದ ಜೆನ್ ಅವರ ಬ್ಲಾಬ್ ಬರುತ್ತದೆ. 1991ರ ಭೌತಶಾಸ್ತ್ರ ನೊಬೆಲ್ ಅವರಿಗೇ ಬಂದಿದ್ದು. ಹಾಸನಾಂಬೆ ದರ್ಶನದ ಸಾಲು ನೆನಪಿಸಿಕೊಳ್ಳಿ. ಕೈಕೈ ಹಿಡಿದ ಒಂದು ದೊಡ್ಡ ಬಳಗ ಅಗಲವಾದ ಬ್ಯಾರಿಕೇಡ್ ಒಳಗೆ ಹೋದರೆ ಗುಂಪು ಗುಂಪಾಗಿ ನಿಲ್ಲುತ್ತದೆ. ಒಂದು ಗುಂಪಿನೊಳಗೆ ಯಾರು ಎತ್ತ ತಿರುಗಿದರೂ ಆಯಿತು, ಆದರೆ ಗುಂಪುಗಳು ಮಾತ್ರ ಒಂದರ ಹಿಂದೆ ಒಂದು. ಆ ಗುಂಪೇ ಬ್ಲಾಬ್. ಅದರ ಅಗಲ ಕೊಳವೆಯ ಅಗಲದಷ್ಟೇ. ಅದರೊಳಗೆ ಸರಪಳಿ ಗೋಡೆಯನ್ನೇ ಕಾಣದಂತೆ, ಫ್ಲೋರಿ ಹೇಳಿದ ಹಾಗೆ ನಡೆದುಕೊಳ್ಳುತ್ತದೆ.

ಈಗ ಲೆಕ್ಕ. ಕೊಳವೆ 64 ನ್ಯಾನೊಮೀಟರ್ ಇರಲಿ. ಫ್ಲೋರಿ ಸೂತ್ರವನ್ನು ತಿರುಗಿಸಿ ಹಾಕಿದರೆ ಒಂದು ಬ್ಲಾಬ್‌ನಲ್ಲಿ 64ರ 5/3 ಘಾತ, ಅಂದರೆ 1,024 ಕೊಂಡಿ. 5/3 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು ಅಲ್ವಾ? ಒಟ್ಟು ಬ್ಲಾಬ್ ಸುಮಾರು 10 (ಸರಿಯಾಗಿ 9.77). ಸಾಲಾಗಿ ಇಟ್ಟರೆ ಉದ್ದ 625 ನ್ಯಾನೊಮೀಟರ್. ಕೊಳವೆಯನ್ನು 8ಕ್ಕೆ ಇಳಿಸಿ. ಬ್ಲಾಬ್‌ಗೆ 32 ಕೊಂಡಿ, ಒಟ್ಟು 312 ಬ್ಲಾಬ್, ಉದ್ದ 2,500 ನ್ಯಾನೊಮೀಟರ್. ಅಗಲ ಎಂಟು ಪಟ್ಟು ಕಡಿಮೆಯಾದರೆ ಉದ್ದ ನಾಲ್ಕೇ ಪಟ್ಟು ಜಾಸ್ತಿ. 2/3 ಘಾತ ಅಂದರೆ ಇದೇ. ಕೂಡಿಹಾಕಲು ತೆರಬೇಕಾದ ಶಕ್ತಿ ಬ್ಲಾಬ್ ಒಂದಕ್ಕೆ ಸುಮಾರು ಒಂದು ಕೆಟಿ (kT, ಆ ತಾಪಮಾನದ ಉಷ್ಣಶಕ್ತಿಯ ಅಳತೆ). ಹಾಗಾಗಿ ಅದು 32 ಪಟ್ಟು ಏರುತ್ತದೆ. ನನಗೆ ಈ ಪಾಠದಲ್ಲಿ ಅತ್ಯಂತ ಇಷ್ಟವಾದದ್ದು ಇದು: ಬ್ಲಾಬ್ ಎಣಿಸಿದರೆ ಸಾಕು, ಶಕ್ತಿ ಸಿಕ್ಕಿತು.

ಆದರೆ ಸರಪಳಿ ಬಿರುಸಾಗಿದ್ದರೆ? ಡಿಎನ್‌ಎ ಸುಮಾರು 50 ನ್ಯಾನೊಮೀಟರ್‌ವರೆಗೆ ಸುಲಭವಾಗಿ ಬಾಗುವುದಿಲ್ಲ. ಇದು ಎರಡನೆಯ ಅಳತೆ. ಕೊಳವೆ ಇದಕ್ಕಿಂತ ತುಂಬ ಕಿರಿದಾದರೆ ಒಳಗೆ ಉಂಡೆ ಕಟ್ಟಲು ಆಗುವುದೇ ಇಲ್ಲ. ಸರಪಳಿ ಗೋಡೆಯಿಂದ ಗೋಡೆಗೆ ತಾಕುತ್ತಾ ಹೆಚ್ಚುಕಡಿಮೆ ನೆಟ್ಟಗೆ ಸಾಗುತ್ತದೆ. ಇದನ್ನು 1983ರಲ್ಲಿ ವಿವರಿಸಿದವರು ಓಡೈಕ್. ಇಲ್ಲಿ ಬ್ಲಾಬ್ ಸೂತ್ರ ಹಾಕಬೇಡಿ. 50 ದಾಟಿದ ಕೂಡಲೇ ಬ್ಲಾಬ್ ಶುರುವಾಗುವುದೂ ಇಲ್ಲ, ನಡುವೆ ಬೇರೆ ಹಂತಗಳಿವೆ. ಲ್ಯಾಂಬ್ಡಾ ವೈರಸ್‌ನ ಡಿಎನ್‌ಎಯಲ್ಲಿ 48,502 ಬೇಸ್ ಜೋಡಿ, ಉದ್ದ ಸುಮಾರು 16.5 ಮೈಕ್ರೊಮೀಟರ್. ಕಿರಿದಾದ ನ್ಯಾನೊ ಕಾಲುವೆಯಲ್ಲಿ ಇಂಥ ಡಿಎನ್‌ಎಯನ್ನು ಹರಡಿಸಿ, ಯಾವ ಗುರುತು ಎಲ್ಲಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಓದುವುದು ಈ ಗುಣದಿಂದಲೇ ಸಾಧ್ಯ.

ತೆಳು ಪದರದ ಪ್ರಶ್ನೆ ಬಂದರೆ ದಾರಿ ಬೇರೆ. ಅಲ್ಲಿ ದ್ರಾವಕ ಇಲ್ಲ, ಸುತ್ತ ಬರೀ ಸರಪಳಿಗಳೇ. ಆ ಕಿಕ್ಕಿರಿದ ಜಾಗದಲ್ಲಿ ಉಬ್ಬುವಿಕೆ ಅಳಿಸಿಹೋಗಿ ಘಾತ ಮತ್ತೆ 1/2ಕ್ಕೆ ಬರುತ್ತದೆ. ಪಾಲಿಸ್ಟೈರೀನ್ ಗಾಜಿನಂತೆ ಗಟ್ಟಿಯಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಿಲಿಕಾನ್ ಮೇಲೆ ಹರಡಿದ ಪದರ ಸುಮಾರು 40 ನ್ಯಾನೊಮೀಟರ್‌ಗಿಂತ ತೆಳ್ಳಗಾದರೆ ಆ ತಾಪಮಾನ ಇಳಿಯುತ್ತದೆ ಎಂದು 1994ರಲ್ಲಿ ಕೆಡ್ಡಿ, ಜೋನ್ಸ್, ಕೋರಿ ತೋರಿಸಿದರು. ಗಾಳಿಗೆ ತೆರೆದ ಮೇಲ್ಮೈಯಲ್ಲಿ ಕೊಂಡಿಗಳಿಗೆ ಓಡಾಟ ಜಾಸ್ತಿ. ಅದೇ ಇದಕ್ಕೆ ಮುಖ್ಯ ಕಾರಣ ಎನ್ನುತ್ತಾರೆ. ತಳದ ಮೇಲ್ಮೈ ಸರಪಳಿಯನ್ನು ಬಲವಾಗಿ ಹಿಡಿದುಕೊಂಡರೆ ತಾಪಮಾನ ಏರುವುದೂ ಉಂಟು. ಉತ್ತರದಲ್ಲಿ ಮೇಲ್ಮೈ ಯಾವುದು ಅಂತ ಬರೆಯದೆ ಮುಂದೆ ಹೋಗಬೇಡಿ.

ಒಂದು ಲೆಕ್ಕ ನೀವೇ ಮಾಡಿ. ಮೇಲಿನದೇ ಸರಪಳಿ, ಅದೇ ಒಳ್ಳೆಯ ದ್ರಾವಕ. ಕೊಳವೆಯ ಬದಲು 64 ನ್ಯಾನೊಮೀಟರ್ ಅಂತರದ ಎರಡು ಹಲಗೆ. ಬ್ಲಾಬ್‌ಗಳು ಈಗ ಸಾಲಾಗಿ ನಿಲ್ಲಬೇಕಿಲ್ಲ, ಸಮತಲದಲ್ಲಿ ಹರಡಬಹುದು. ಎರಡು ಆಯಾಮದಲ್ಲಿ ಘಾತ 3/4. ಸುಮಾರು 350 ನ್ಯಾನೊಮೀಟರ್ ಬಂದರೆ ಸರಿ.