ಪರ್ಮಿಷನ್ ಎರರ್ ಬಂದ ಕೂಡಲೇ ಸುಡೊ ಹಾಕಬೇಡಿ

ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಸರ್, ಕ್ಲಾಡ್ ಕೋಡ್ ಇನ್‌ಸ್ಟಾಲ್ ಆಗ್ತಿಲ್ಲ. ಪರ್ಮಿಷನ್ ಡಿನೈಡ್ ಅಂತಿದೆ. ಸುಡೊ ಹಾಕ್ಲಾ?"

"ಬೇಡಮ್ಮ, ಸ್ವಲ್ಪ ತಡಿ" ಅಂದೆ. ಕ್ಲಾಡ್ ಕೋಡ್ ಅಂದರೆ ಟರ್ಮಿನಲ್‌ನಲ್ಲಿ ಕೂತು ಕೋಡ್ ಬರೆಯುವ ಎಐ ಟೂಲ್. ಸುಡೊ ಅಂದರೆ ಒಂದು ಕಮಾಂಡನ್ನು ಯಂತ್ರದ ಸರ್ವಾಧಿಕಾರಿ 'ರೂಟ್' ಹೆಸರಿನಲ್ಲಿ ಓಡಿಸುವುದು.

ಲಿನಕ್ಸ್‌ನಲ್ಲಿ ಈ ತರಹದ ಟೂಲ್ ಹಾಕುವಾಗ ಹೆಚ್ಚಿನವರು ಎಡವುವುದು ಇಲ್ಲೇ. ಜಾವಾಸ್ಕ್ರಿಪ್ಟ್ ಟೂಲ್‌ಗಳನ್ನು ತಂದು ಹಾಕುವ ಎನ್‌ಪಿಎಂಗೆ 'ಗ್ಲೋಬಲ್' ಅಂತ ಹೇಳಿದರೆ ಅದು ಸಿಸ್ಟಂ ಫೋಲ್ಡರಿಗೆ ಬರೆಯಲು ಹೋಗುತ್ತದೆ. ಆ ಫೋಲ್ಡರ್ ರೂಟ್‌ನದ್ದು, ನಿಮ್ಮದಲ್ಲ. ಸುಡೊ ಹಾಕಿದರೆ ಎರರ್ ಹೋಗುತ್ತದೆ, ನಿಜ. ಆದರೆ ಯಾರೋ ಬರೆದ ಇನ್‌ಸ್ಟಾಲ್ ಸ್ಕ್ರಿಪ್ಟಿಗೆ ಇಡೀ ಯಂತ್ರದ ಬೀಗದ ಕೈ ಕೊಟ್ಟಂತಾಯಿತು ಅಲ್ವಾ? ಇನ್ನೊಂದು ಕಾಟವೂ ಇದೆ. ಈ ಟೂಲ್ ತಾನಾಗಿಯೇ ಅಪ್‌ಡೇಟ್ ಆಗುತ್ತದೆ. ಅದು ಓಡುವುದು ನಿಮ್ಮ ಹೆಸರಿನಲ್ಲಿ, ಫೈಲು ಮಾತ್ರ ರೂಟ್‌ನ ಹೆಸರಿನಲ್ಲಿ. ಹಾಗಾಗಿ ಪ್ರತಿ ಅಪ್‌ಡೇಟಿಗೂ ಅದೇ ಎರರ್.

ಅವಳ ಯಂತ್ರದಲ್ಲಿದ್ದದ್ದು ಉಬುಂಟು 22.04. ಅದರ ಸ್ವಂತ ಇನ್‌ಸ್ಟಾಲರ್ ಆದ ಆಪ್ಟ್ ಕೊಡುವ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) 12ನೇ ಆವೃತ್ತಿಯದು. ಎನ್‌ಪಿಎಂ ಮೂಲಕ ಹಾಕುವ ಕ್ಲಾಡ್ ಕೋಡ್‌ಗೆ ಕನಿಷ್ಠ 18 ಬೇಕು, ಗೂಗಲ್‌ನ ಇಂಥದ್ದೇ ಟೂಲ್ ಜೆಮಿನಿ ಸಿಎಲ್‌ಐಗೆ 20. ಅದಕ್ಕೇ ನಾನು ನೋಡ್ ಆವೃತ್ತಿಗಳನ್ನು ನಿಭಾಯಿಸುವ ಎನ್‌ವಿಎಂ ಹಾಕಿಸುತ್ತೇನೆ. ಅದು ನೋಡ್ ಅನ್ನು ನಿಮ್ಮ ಹೋಮ್ ಫೋಲ್ಡರಿನೊಳಗೇ ಇಡುತ್ತದೆ. ಬೇಕಾದ ಆವೃತ್ತಿಯೂ ಸಿಗುತ್ತದೆ, ಪರ್ಮಿಷನ್ ತಕರಾರೂ ಇರುವುದಿಲ್ಲ.

ನೋಡ್ ಸಹವಾಸವೇ ಬೇಡ ಎನ್ನುವವರಿಗೆ ಕ್ಲಾಡ್ ಕೋಡ್‌ನ ಸ್ವಂತ ಇನ್‌ಸ್ಟಾಲರ್ ಇದೆ. ಅದು ಹೋಮ್‌ನಲ್ಲಿರುವ 'ಡಾಟ್ ಲೋಕಲ್' ಫೋಲ್ಡರಿನ ಬಿನ್ ಒಳಗೆ ಕೂರುತ್ತದೆ. ಆಮೇಲೂ 'ಕಮಾಂಡ್ ನಾಟ್ ಫೌಂಡ್' ಬಂದರೆ ಗಾಬರಿ ಬೇಡ. ಟರ್ಮಿನಲ್ ತೆರೆದಾಗ ಓದಿಕೊಳ್ಳುವ ಬ್ಯಾಷ್‌ಆರ್‌ಸಿ ಫೈಲಿನಲ್ಲಿ ಆ ಬಿನ್ ಅನ್ನು ಪಾತ್‌ಗೆ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸಿ, ಹೊಸ ಟರ್ಮಿನಲ್ ತೆರೆಯಿರಿ. ಪೈಥಾನ್‌ನಲ್ಲಿರುವ ಏಡರ್ ಎಂಬ ಇಂಥದ್ದೇ ಟೂಲ್ ಬೇಕಿದ್ದರೆ, ಅದನ್ನು ಸಿಸ್ಟಮ್ಮಿನಿಂದ ಬೇರೆಯಾಗಿ ಇಡುವ ಪಿಪ್‌ಎಕ್ಸ್ ಬಳಸಿ. ಉಬುಂಟು 24.04ರಲ್ಲಿ ಪೈಥಾನ್‌ನ ಮಾಮೂಲಿ ಇನ್‌ಸ್ಟಾಲರ್ ಪಿಪ್ ಅನ್ನು ಬರೀ ಹೊಡೆದರೆ ಸಿಸ್ಟಮ್ಮೇ ತಡೆಯುತ್ತದೆ.

ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಬಳಸುವವರು ಮೊದಲು 'ವಿಚ್ ನೋಡ್' ಎಂದು ಕೇಳಿ. ಉತ್ತರದಲ್ಲಿ ಸಿ ಡ್ರೈವ್ (/mnt/c) ಕಂಡರೆ ಅದು ವಿಂಡೋಸ್‌ನ ನೋಡ್, ಲಿನಕ್ಸ್‌ನದ್ದಲ್ಲ. ಇದು ಗೊತ್ತಿಲ್ಲದೆ ನಾನೇ ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ.

ಓಡಿಸುವ ಮುಂಚೆ ಇನ್ನೆರಡು ಮಾತು. ಎಪಿಐ ಕೀಯನ್ನು (ಎಐ ಸೇವೆಗೆ ಪಾಸ್‌ವರ್ಡ್ ಇದ್ದಂತೆ) ಕೋಡಿನೊಳಗೆ ಬರೆಯಬೇಡಿ. ಒಮ್ಮೆ ಗಿಟ್‌ಗೆ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಟೂಲ್) ಹೋದರೆ ಹಳೆಯ ಕಮಿಟ್‌ನಲ್ಲಿ, ಅಂದರೆ ಆಗ ಉಳಿಸಿದ ದಾಖಲೆಯಲ್ಲಿ, ಉಳಿದುಬಿಡುತ್ತದೆ. ಹಾಗೇ, ಹೋಮ್‌ನಲ್ಲಿ ನಿಂತು ಶುರು ಮಾಡಬೇಡಿ. ಪ್ರಾಜೆಕ್ಟ್ ಫೋಲ್ಡರಿಗೆ ಹೋಗಿ, ಇದ್ದ ಕೆಲಸವನ್ನು ಕಮಿಟ್ ಮಾಡಿ, ಆಮೇಲೆ ಕರೆಯಿರಿ. ಈ ಟೂಲಿಗೆ ಸಿಗುವುದು ನಿಮ್ಮ ಅಧಿಕಾರವೇ. ನೀವು ಅಳಿಸಬಹುದಾದ ಫೈಲನ್ನು ಅದೂ ಅಳಿಸಬಹುದು.

ಹುಡುಗಿಯ ಯಂತ್ರದಲ್ಲಿ ಹತ್ತು ನಿಮಿಷದಲ್ಲಿ ಎಲ್ಲಾ ಮುಗಿಯಿತು. ಮೊದಲ ಕೆಲಸಕ್ಕೇ ಕ್ಲಾಡ್ ಕೋಡ್ ಒಂದು ಫೋಲ್ಡರ್ ಅಳಿಸಲಾ ಎಂದು ಅನುಮತಿ ಕೇಳಿತು. ಅವಳು ಎಂಟರ್ ಒತ್ತಲಿಲ್ಲ. ಆ ಸಾಲನ್ನು ಎರಡು ಸಲ ಓದಿ, "ಸರ್, ಇದು ಬಿಲ್ಡ್ ಫೋಲ್ಡರ್ ತಾನೇ?" ಎಂದು ಕೇಳಿದಳು.