ಪದ ಪರಿಚಯ: 'ಪ್ರೊಫೈಲ್' ಅಂದರೇನು? ಆರನೇ ಕ್ಲಾಸಿನ ಮೆಡಲ್ ಕಾಲೇಜ್ ಸೀಟಿಗೆ ಲೆಕ್ಕಕ್ಕೆ ಬರುತ್ತಾ?

ಕಾಲೇಜ್ ಸೀಟಿನ ಮಾತಿನಲ್ಲಿ 'ಪ್ರೊಫೈಲ್' ಅಂದರೆ, ಒಬ್ಬ ವಿದ್ಯಾರ್ಥಿ ಪರೀಕ್ಷೆಯ ಅಂಕ ಬಿಟ್ಟು ಇನ್ನೇನೇನು ಮಾಡಿದ್ದಾನೆ ಅನ್ನೋದರ ಪಟ್ಟಿ. ಒಲಿಂಪಿಯಾಡ್, ಕ್ವಿಜ್, ಚೆಸ್, ಸಂಗೀತ, ಊರಿನಲ್ಲಿ ಮಾಡಿದ ಯಾವುದಾದರೂ ಕೆಲಸ, ಎಲ್ಲವೂ ಇದರೊಳಗೆ ಬರುತ್ತವೆ. ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಈ ಪದ ಈಗ ನಮ್ಮ ಕಡೆಗೂ ಬಂದಿದೆ. ಬಳ್ಳಾರಿಯ ಕೋಚಿಂಗ್ ಪಾಂಪ್ಲೆಟ್‌ಗಳಲ್ಲಿ, ತೋರಣಗಲ್ಲಿನ ಕಾರ್ಖಾನೆ ಕಾಲೊನಿಯ ವಾಟ್ಸಾಪ್ ಗ್ರೂಪುಗಳಲ್ಲಿ, ಗಂಗಾವತಿ, ಸಿಂಧನೂರಿನ ಇಂಗ್ಲಿಷ್ ಮೀಡಿಯಂ ಶಾಲೆಗಳ ಪಾಲಕರ ಸಭೆಗಳಲ್ಲಿ ಸಿಗುವ ಸಲಹೆ ಒಂದೇ: "ಆರನೇ ಕ್ಲಾಸಿನಿಂದಲೇ ಮಗುವಿನ ಪ್ರೊಫೈಲ್ ಬಿಲ್ಡ್ ಮಾಡ್ರಿ, ಮುಂದ ಕಾಲೇಜಿಗೆ ಬೇಕಾಗ್ತದ."

ಬೇಕಾಗುತ್ತಾ? 6, 7, 8ನೇ ಕ್ಲಾಸಿನಲ್ಲಿ ಗೆದ್ದ ಮೆಡಲ್ಲು ನೇರವಾಗಿ ಯಾವ ಕಾಲೇಜಿನ ಸೀಟನ್ನೂ ಕೊಡಿಸುವುದಿಲ್ಲ. ಇಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಆದರೆ ಕಾರಣ ಎರಡು ಕಡೆ ಬೇರೆ ಬೇರೆ.

ಮೊದಲು ಅಮೆರಿಕದ್ದು ನೋಡೋಣ, ಯಾಕೆಂದರೆ ಈ ಪದದ ತವರು ಅದೇ. ಅಲ್ಲಿನ ಹೆಸರಾಂತ ಕಾಲೇಜುಗಳು ಒಂದೇ ಪರೀಕ್ಷೆಯ ರ‍್ಯಾಂಕ್ ನೋಡಿ ಸೀಟು ಕೊಡುವುದಿಲ್ಲ. ಅಂಕಪಟ್ಟಿ, ಶಿಕ್ಷಕರ ಪತ್ರ, ವಿದ್ಯಾರ್ಥಿ ಬರೆದ ಪ್ರಬಂಧ, ಶಾಲೆಯ ಹೊರಗೆ ಮಾಡಿದ ಕೆಲಸ, ಇವೆಲ್ಲವನ್ನೂ ಪ್ರವೇಶ ಕಚೇರಿಯ ಸಿಬ್ಬಂದಿ ಕೂತು ಓದುತ್ತಾರೆ. 1000ಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ ಇದೆ. ಅದರಲ್ಲಿ ಚಟುವಟಿಕೆಗಳಿಗೆ 10 ಜಾಗ, ಪ್ರಶಸ್ತಿಗಳಿಗೆ 5 ಜಾಗ. ಪ್ರತಿ ಚಟುವಟಿಕೆಯ ವಿವರಣೆ 150 ಅಕ್ಷರ ಮೀರುವಂತಿಲ್ಲ. ಪಕ್ಕದಲ್ಲಿ, ಇದನ್ನು ಯಾವ ಕ್ಲಾಸಿನಲ್ಲಿ ಮಾಡಿದಿರಿ ಅಂತ ಗುರುತು ಹಾಕಬೇಕು. ಅಲ್ಲಿ ಕೊಟ್ಟಿರುವುದು 9, 10, 11, 12, ಆಮೇಲೆ 12 ಮುಗಿಸಿದ ನಂತರದ ವರ್ಷ. 6, 7, 8ಕ್ಕೆ ಗುರುತು ಹಾಕಲು ಜಾಗವೇ ಇಲ್ಲ. ಅಮೆರಿಕದಲ್ಲಿ ಹೈಸ್ಕೂಲು ಅಂದರೆ 9ರಿಂದ 12. ಕಾಲೇಜು ನೋಡುವುದು ಆ ನಾಲ್ಕು ವರ್ಷಗಳನ್ನು.

ಅಲ್ಲೂ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಸ್ಪರ್ಧೆಗಳಿಗೆ ಬರವಿಲ್ಲ. ಮ್ಯಾಥ್‌ಕೌಂಟ್ಸ್ ಎಂಬ ಗಣಿತ ಸ್ಪರ್ಧೆ 6ರಿಂದ 8ರವರಿಗೆ. ಎಎಂಸಿ 8 ಎಂಬ ಗಣಿತದ ಪರೀಕ್ಷೆಯಲ್ಲಿ 40 ನಿಮಿಷಕ್ಕೆ 25 ಪ್ರಶ್ನೆ. ಭಾರತೀಯ ಮೂಲದ ಮಕ್ಕಳು ಮತ್ತೆ ಮತ್ತೆ ಗೆದ್ದು ನಮ್ಮ ಪೇಪರುಗಳಲ್ಲೂ ಸುದ್ದಿಯಾಗುವ ಸ್ಪೆಲ್ಲಿಂಗ್ ಬೀ ಕೂಡ 8ನೇ ಕ್ಲಾಸಿಗೇ ಮುಗಿಯುತ್ತದೆ. ಇಡೀ ದೇಶಕ್ಕೆ ಮೊದಲು ಬಂದ ಮಗು ಅದನ್ನು ಪ್ರಬಂಧದಲ್ಲೋ ಹೆಚ್ಚುವರಿ ಮಾಹಿತಿಯ ಜಾಗದಲ್ಲೋ ಬರೆಯಬಹುದು, ಓದುವವರು ಬೇಡ ಅನ್ನುವುದಿಲ್ಲ. ಜಿಲ್ಲಾ ಮಟ್ಟದ ಮೂರನೇ ಬಹುಮಾನಕ್ಕೆ ಆ ಮಾತು ಹೊಂದುವುದಿಲ್ಲ.

ಹಾಗಾದರೆ ಆ ಪರೀಕ್ಷೆಗಳನ್ನು ಯಾಕೆ ಬರೆಯುತ್ತಾರೆ? ಮುಂದಿನ ಹಂತಕ್ಕೆ ತಯಾರಾಗಲು. 7ನೇ ಕ್ಲಾಸಿನಲ್ಲಿ ಎಎಂಸಿ 8 ಬರೆದವರು 9, 10ರಲ್ಲಿ ಎಎಂಸಿ 10 ಬರೆಯುತ್ತಾರೆ. ಅದರಲ್ಲಿ ಚೆನ್ನಾಗಿ ಮಾಡಿದವರಿಗೆ ಎಐಎಂಇ, ಅಂದರೆ ಮೂರು ಗಂಟೆಗೆ 15 ಪ್ರಶ್ನೆಗಳ ಪರೀಕ್ಷೆ. ಅಮೆರಿಕದ ಎಂಐಟಿಯಂಥ ಹೆಸರಾಂತ ಕಾಲೇಜಿನಲ್ಲಿ ತೂಕ ಬರುವುದು ಈ ಕೊನೆಯದಕ್ಕೆ. ಮಿಡ್ಲ್ ಸ್ಕೂಲಿನದು ಅಭ್ಯಾಸದ ಲೆಕ್ಕ ಅಷ್ಟೇ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಕಾಲೇಜು ಅಂದರೆ ಮೊದಲು ನೆನಪಾಗುವುದು ಪಿಯು ಕಾಲೇಜು. ಅದಕ್ಕೆ ಬೇಕಾಗಿರುವುದು ಎಸ್‌ಎಸ್‌ಎಲ್‌ಸಿಯ 625ರಲ್ಲಿ ಎಷ್ಟು ಬಂತು ಅನ್ನೋದು. ಖಾಸಗಿ ಪಿಯು ಕಾಲೇಜುಗಳು ಫೀ ರಿಯಾಯಿತಿಗೆ ತಮ್ಮದೇ ಸ್ಕಾಲರ್‌ಶಿಪ್ ಟೆಸ್ಟ್ ಇಡುತ್ತವೆ, ಅದು ಬೇರೆ ಮಾತು.

ಪಿಯು ಆದಮೇಲೆ? ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಇಂಜಿನಿಯರಿಂಗ್ ಸೀಟು ಬೇಕಾದರೆ ಸಿಇಟಿ. ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು, ಮೂರಕ್ಕೂ ನೀಟ್. 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿಗೆ ಜೆಇಇ ಮೇನ್ ರ‍್ಯಾಂಕು. ಇದರಲ್ಲಿ ಎಲ್ಲೂ ಯಾರೂ ನಿಮ್ಮ ಮಗಳ ಫೈಲು ತೆಗೆದು, ಏಳನೇ ಕ್ಲಾಸಿನ ಸರ್ಟಿಫಿಕೇಟು ನೋಡಿ, ತಲೆ ಆಡಿಸುವುದಿಲ್ಲ. ಕೌನ್ಸೆಲಿಂಗ್ ನಡೆಸುವ ಸಾಫ್ಟ್‌ವೇರಿಗೆ ಬೇಕಾಗಿರುವುದು ರ‍್ಯಾಂಕು, ಕೆಟಗರಿ, ಆಪ್ಷನ್ನು. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್‌ಗೆ ಸಿಇಟಿಯಲ್ಲಿ ವಿಶೇಷ ಸೀಟುಗಳಿವೆ ನಿಜ. ಕ್ವಿಜ್‌ಗೆ, ಗಣಿತದ ಮೆಡಲ್‌ಗೆ ಅಂಥದ್ದಿಲ್ಲ. ಅಶೋಕ ವಿಶ್ವವಿದ್ಯಾಲಯದಂಥ ಕೆಲವು ಖಾಸಗಿ ಕಡೆ ಮಾತ್ರ ಅಮೆರಿಕದ ರೀತಿಯಲ್ಲಿ ಪ್ರಬಂಧ, ಸಂದರ್ಶನ ಇದೆ.

ಹಾಗಂತ 6, 7, 8ನೇ ಕ್ಲಾಸು ಸಿಇಟಿಯಲ್ಲಿ ಲೆಕ್ಕಕ್ಕೇ ಇಲ್ಲ ಅಂದುಕೊಳ್ಳಬೇಡಿ. ಇದೆ, ಜೋರಾಗಿಯೇ ಇದೆ. ಯಾವ ಪ್ರೊಫೈಲ್ ಕ್ಲಾಸಿನವರೂ ಹೇಳದ ವಿಷಯ ಇದು. ಅಲ್ಲಿ ಕೇಳುವುದು ನೀವು ಏನು ಗೆದ್ದಿರಿ ಅಂತಲ್ಲ, ಎಲ್ಲಿ ಓದಿದಿರಿ, ಯಾವ ಭಾಷೆಯಲ್ಲಿ ಓದಿದಿರಿ ಅಂತ. 1ರಿಂದ 10ರ ತನಕ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 15 ಗ್ರಾಮೀಣ ಮೀಸಲಾತಿ. 1ರಿಂದ 10ರ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಎರಡಕ್ಕೂ ಶಾಲೆಯ ಮುಖ್ಯಸ್ಥರು ಕೊಟ್ಟು ಬಿಇಒ ಸಹಿ ಹಾಕಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಕರ್ನಾಟಕದ ಅಭ್ಯರ್ಥಿ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ರಾಜ್ಯದಲ್ಲಿ 7 ವರ್ಷ ಓದಿರಬೇಕು ಅನ್ನುವ ನಿಯಮಕ್ಕೂ ಈ ವರ್ಷಗಳೇ ಆಧಾರ.

ಇಲ್ಲಿ ಒಂದು ಉದಾಹರಣೆ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಗಳಲ್ಲಿ ಇದು ಮನೆಮನೆಯ ಕಥೆ. ಸಿರುಗುಪ್ಪ ತಾಲೂಕಿನ ಒಂದು ಹಳ್ಳಿ. ಹುಡುಗ 5ರ ತನಕ ಊರ ಶಾಲೆಯಲ್ಲಿ ಓದಿದ. ಆರಕ್ಕೆ ಬಳ್ಳಾರಿ ಸಿಟಿಯ ಇಂಗ್ಲಿಷ್ ಮೀಡಿಯಂಗೆ ಹಾಕಿದರು, ಒಲಿಂಪಿಯಾಡ್ ಕೋಚಿಂಗ್ ಇದೆ ಅಂತ. ಅವತ್ತಿಗೇ ಗ್ರಾಮೀಣ ಮೀಸಲಾತಿಯೂ ಹೋಯಿತು, ಕನ್ನಡ ಮಾಧ್ಯಮದ್ದೂ ಹೋಯಿತು. ಹತ್ತು ವರ್ಷದಲ್ಲಿ ಒಂದು ವರ್ಷ ತಪ್ಪಿದರೂ ಸಿಗುವುದಿಲ್ಲ. ಸಿಟಿಗೆ ಕಳಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಪಾಠ ಚೆನ್ನಾಗಿದ್ದರೆ ಕಳಿಸಿ. ಆದರೆ ಮೆಡಲ್ ಆಸೆಗೆ ಕಳಿಸುವವರು ಈ ಲೆಕ್ಕ ಹಾಕಿರಬೇಕು ಅಲ್ವಾ?

ಇದರ ಜೊತೆಗೆ 371(ಜೆ). 2012ರ 98ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಈ ವಿಧಿಯಿಂದ ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿದಂತೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲು. ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಸಿಇಟಿ ಅರ್ಜಿ ಹಾಕುವ ವಾರದಲ್ಲಿ ಓಡಾಡುವ ಬದಲು ಮೊದಲೇ ಮಾಡಿಸಿಟ್ಟುಕೊಂಡರೆ ಒಳ್ಳೆಯದು. ನನ್ನ ಕೇಳಿದರೆ ನಮ್ಮ ಭಾಗದ ಮಗುವಿನ ನಿಜವಾದ 'ಪ್ರೊಫೈಲ್' ಈ ಕಾಗದಗಳ ಕಟ್ಟೇ.

ಒಲಿಂಪಿಯಾಡ್ ಅನ್ನುವ ಹೆಸರಿನ ಗೊಂದಲವನ್ನೂ ಬಿಡಿಸಬೇಕು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್, ಚಿಕ್ಕದಾಗಿ ಐಎಂಒ, 1959ರಲ್ಲಿ ರೊಮೇನಿಯಾದಲ್ಲಿ ಶುರುವಾಯಿತು. ಭಾರತ 1989ರಿಂದ ಹೋಗುತ್ತಿದೆ. ನಮ್ಮ ದೇಶದಲ್ಲಿ ಇದರ ಉಸ್ತುವಾರಿ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ್ದು. ಮೊದಲ ಮೆಟ್ಟಿಲು ಐಒಕ್ಯೂಎಂ ಎಂಬ ಪರೀಕ್ಷೆ: ಮೂರು ಗಂಟೆ, 30 ಪ್ರಶ್ನೆ. ಆಮೇಲೆ ಪ್ರಾದೇಶಿಕ ಹಂತದ ಆರ್‌ಎಂಒ, ಆಮೇಲೆ ರಾಷ್ಟ್ರಮಟ್ಟದ ಐಎನ್‌ಎಂಒ, ಆಮೇಲೆ ತರಬೇತಿ ಶಿಬಿರ. ಕೊನೆಗೆ ಇಡೀ ದೇಶದಿಂದ ಆರು ಜನ. ಶಾಲೆಯಲ್ಲೇ ನಡೆಯುವ, ಒಂದನೇ ಕ್ಲಾಸಿನವರೂ ಬರೆಯುವ, ತುಂಬಾ ಮಕ್ಕಳಿಗೆ ಮೆಡಲ್ ಸಿಗುವ ಖಾಸಗಿ ಪರೀಕ್ಷೆಗಳೇ ಬೇರೆ. ಅವುಗಳಲ್ಲಿ ಒಂದಕ್ಕೆ ಐಎಂಒ ಅಂತಲೇ ಹೆಸರು! ಮನೆಯವರು "ನಮ್ಮ ಹುಡುಗ ಐಎಂಒದಾಗ ಗೋಲ್ಡ್ ತಗೊಂಡಾನ್ರಿ" ಅಂದರೆ ಹತ್ತಕ್ಕೆ ಒಂಬತ್ತು ಸಲ ಎರಡನೆಯದು. ಬರೆಯಲಿ, ತಪ್ಪೇನಿಲ್ಲ. ಆದರೆ ಎರಡೂ ಒಂದೇ ಅಂತ ಹೇಳಿ ಪ್ಯಾಕೇಜ್ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಇದನ್ನು ಯಾವ ಕಾಲೇಜಿನ ಅರ್ಜಿಯಲ್ಲಿ, ಯಾವ ಕಾಲಂನಲ್ಲಿ ಬರೆಯಬೇಕು?

ಮೊದಲ ಬಗೆಯದಕ್ಕೆ ಕಾಲೇಜಿನ ಬಾಗಿಲು ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತಿದೆ. ಐಐಟಿ ಬಾಂಬೆಯ ಗಣಿತದ ಬಿಎಸ್ ಕೋರ್ಸಿಗೆ ಐಎನ್‌ಎಂಒ ಮೂಲಕ ದಾರಿ ಇದೆ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಕೂಡ ಈ ಸಾಧಕರಿಗೆ ಜಾಗ ಕೊಡುತ್ತದೆ. 2025ರಲ್ಲಿ ಐಐಟಿ ಕಾನ್ಪುರ, ಐಐಟಿ ಮದ್ರಾಸ್ ಒಲಿಂಪಿಯಾಡ್ ಮಕ್ಕಳಿಗೆ ಪ್ರತ್ಯೇಕ ಪ್ರವೇಶ ಶುರು ಮಾಡಿದವು. ಎಲ್ಲಾ ಕಡೆ ಕೇಳುವುದು ರಾಷ್ಟ್ರಮಟ್ಟದ ಮೇಲಿನ ಹಂತ. ಐಒಕ್ಯೂಎಂ ಅನ್ನು 8ನೇ ಕ್ಲಾಸಿನಿಂದಲೇ ಬರೆಯಬಹುದು. ಆದರೂ ಮೇಲಿನ ಮೆಟ್ಟಿಲು ಮುಟ್ಟುವವರು ಬಹುಪಾಲು ಹೈಸ್ಕೂಲು, ಪಿಯು ಮಕ್ಕಳು.

ಅಲ್ಲಿಯ ತನಕ ಹೋಗಲು ಬೇಕಾದ ಬುದ್ಧಿ ಮಾತ್ರ ಬೆಳೆಯುವುದು ಈ ವಯಸ್ಸಿನಲ್ಲೇ. ಒಂದು ಲೆಕ್ಕ ನೋಡಿ. 1ರಿಂದ 100ರ ತನಕ ಎಲ್ಲಾ ಸಂಖ್ಯೆಗಳನ್ನು ಗುಣಿಸಿದರೆ ಬರುವ ಉತ್ತರದ ಕೊನೆಯಲ್ಲಿ ಎಷ್ಟು ಸೊನ್ನೆ ಇರುತ್ತವೆ? ಗುಣಿಸುತ್ತಾ ಕೂತರೆ ಬೆಳಗಾಗುತ್ತದೆ. ಕೊನೆಯಲ್ಲಿ ಸೊನ್ನೆ ಬರಲು 2 ಮತ್ತು 5ರ ಜೋಡಿ ಬೇಕು ಅಂತ ಹೊಳೆದರೆ ಅರ್ಧ ಕೆಲಸ ಮುಗಿಯಿತು. 2ಗಳು ಬೇಕಾದಷ್ಟಿವೆ, ಹಾಗಾಗಿ 5ಗಳನ್ನು ಎಣಿಸಿದರೆ ಸಾಕು. 5ರ ಮಗ್ಗಿಯಲ್ಲಿ 100ರ ತನಕ 20 ಸಂಖ್ಯೆ. 25, 50, 75, 100ರಲ್ಲಿ ಇನ್ನೊಂದು 5 ಅಡಗಿದೆ, ಅದಕ್ಕೆ 4. ಒಟ್ಟು 24. ಇಲ್ಲಿ ಬೇಕಾದದ್ದು ಏಳನೇ ಕ್ಲಾಸಿನ ಗಣಿತ ಮಾತ್ರ. ಇಂಥ ಪ್ರಶ್ನೆಯ ಮುಂದೆ ಅರ್ಧ ಗಂಟೆ ಹಟ ಹಿಡಿದು ಕೂತು ಅಭ್ಯಾಸ ಇರುವ ಮಗುವಿಗೆ ಜೆಇಇಯ ಹೊಸ ಬಗೆಯ ಪ್ರಶ್ನೆ ನೋಡಿ ಕೈಕಾಲು ನಡುಗುವುದಿಲ್ಲ. ಸ್ಪರ್ಧೆಯಿಂದ ಉಳಿಯುವುದು ಇದು. ಇದಕ್ಕೆ ಪ್ಯಾಕೇಜು ಬೇಕಿಲ್ಲ, ಲೆಕ್ಕ ಇಷ್ಟಪಡುವ ಒಬ್ಬ ಮೇಷ್ಟ್ರು ಸಿಕ್ಕರೆ ಆಯಿತು.

ಮಿಡ್ಲ್ ಸ್ಕೂಲ್ ವಯಸ್ಸಿನಲ್ಲಿ ಬರೆದು ನಿಜಕ್ಕೂ ಕೈಗೆ ಏನಾದರೂ ಬರುವ ಪರೀಕ್ಷೆ ನಮ್ಮಲ್ಲಿ ಒಂದಿದೆ, ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಸುಮ್ನೆ ಸರ್ಟಿಫಿಕೇಟು ಕೊಡುವ ಪರೀಕ್ಷೆಗಳಿಗೆ ಇರುವ ಪ್ರಚಾರ ಇದಕ್ಕಿಲ್ಲ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ 8ನೇ ಕ್ಲಾಸಿನ ಮಕ್ಕಳಿಗೆ ಇದು. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರಿರಬಾರದು, 7ರಲ್ಲಿ ಶೇ 55 ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50 ಸಾಕು. ಪ್ರಶ್ನೆಪತ್ರಿಕೆ ಎರಡು, ಒಂದು ಬುದ್ಧಿಶಕ್ತಿಯದು, ಇನ್ನೊಂದು ಪಾಠಗಳದ್ದು, ತಲಾ 90 ಪ್ರಶ್ನೆ. ಆಯ್ಕೆಯಾದರೆ 9ರಿಂದ 12ರ ತನಕ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. (ಎನ್‌ಟಿಎಸ್‌ಇ ಎಂಬ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಗೆ ಅಂತ ಇನ್ನೂ ಯಾರಾದರೂ ಕೋಚಿಂಗ್ ಮಾರುತ್ತಿದ್ದರೆ, 2021ರ ನಂತರ ಆ ಪರೀಕ್ಷೆಯನ್ನು ತಡೆಹಿಡಿಯಲಾಗಿದೆ.)

ಎನ್‌ಎಂಎಂಎಸ್‌ನಲ್ಲಿ ಎಡವುವ ಜಾಗಗಳೂ ಇವೆ. ನವೋದಯ, ಕೇಂದ್ರೀಯ ವಿದ್ಯಾಲಯದವರಿಗೆ, ಸರ್ಕಾರವೇ ಊಟ ವಸತಿ ಕೊಡುವ ವಸತಿ ಶಾಲೆಯವರಿಗೆ, ಖಾಸಗಿ ಶಾಲೆಯವರಿಗೆ ಇದು ಇಲ್ಲ. 8ರಲ್ಲಿ ಆಯ್ಕೆಯಾದ ಖುಷಿಗೆ 9ಕ್ಕೆ ಖಾಸಗಿ ಶಾಲೆಗೆ ಸೇರಿಸಿದರೆ ಹಣ ನಿಲ್ಲುತ್ತದೆ. ಪಿಯುಸಿಯಲ್ಲೂ ಮುಂದುವರಿಯಬೇಕಾದರೆ ಎಸ್‌ಎಸ್‌ಎಲ್‌ಸಿಯಲ್ಲಿ ಶೇ 60 ಬರಬೇಕು, ಪರಿಶಿಷ್ಟರಿಗೆ ಶೇ 55. ಅರ್ಜಿ ಶಾಲೆಯ ಮೂಲಕ ಹೋಗುತ್ತದೆ. ಹಾಗಾಗಿ 8ನೇ ಕ್ಲಾಸು ಶುರುವಾದ ಕೂಡಲೇ ಹೆಡ್ ಮೇಷ್ಟ್ರ ಹತ್ತಿರ ಹೋಗಿ, ಈ ಸಲ ಎಷ್ಟು ಮಕ್ಕಳನ್ನು ಕೂರಿಸುತ್ತೀರಿ ಸರ್ ಅಂತ ಕೇಳಿ, ಮಗುವಿನ ಹೆಸರು ಬರೆಸಿ ಬನ್ನಿ. ವರಮಾನ ಪ್ರಮಾಣಪತ್ರಕ್ಕೂ ಆಗಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿಬಿಡಿ.